ಕೊಡುಗೆ ಮರವನ್ನು ನಿಭಾಯಿಸಿದವರಿಗೆ ವಂದನೆ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲವಾದ ಆಗಮನ ಕಾಲದಲ್ಲಿ ಕೊಡುಗೆ ಮರದ ಹೊಣೆ ಹೊತ್ತು, ಹೆಸರು ತಿಳಿಸದೆ ಉಳಿದವರೇ, ನಿಮಗೆ ನಮ್ಮ ಧರ್ಮಕೇಂದ್ರದ (ಚರ್ಚಿನ) ಹೃತ್ಪೂರ್ವಕ ಧನ್ಯವಾದಗಳು. ಅಗತ್ಯವಿರುವವರಿಗೆ ಬೇಕಾದುದನ್ನು ಬರೆದ ಚೀಟಿಗಳನ್ನು ಈ ಮರಕ್ಕೆ ತೂಗುಹಾಕುತ್ತಾರೆ; ಚೀಟಿ ಒಯ್ದವರು ಆ ವಸ್ತುವನ್ನು ತಂದುಕೊಡುತ್ತಾರೆ.

ಪ್ರತಿ ಚೀಟಿಯನ್ನೂ ಜೋಡಿಯಾಗಿ ಮಾಡಿ ಎರಡಕ್ಕೂ ಒಂದೇ ಸಂಖ್ಯೆ ಹಾಕಿದ್ದಿರಿ. ಒಂದು ಮರದಲ್ಲಿ, ಇನ್ನೊಂದು ಪುಸ್ತಕದಲ್ಲಿ. ಮರದ ಚೀಟಿಯಲ್ಲಿ ವಯಸ್ಸು, ಬಟ್ಟೆಯ ಅಳತೆ, ಬೇಕಾದ ವಸ್ತು ಇಷ್ಟೇ, ಹೆಸರಿಲ್ಲ. ಪಡೆಯುವವರ ಮಾನ ಕಾಯಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಾಣದು. ಚೀಟಿ ಒಯ್ದವರು ಮರೆಯುವುದು ಸಾಮಾನ್ಯ. ಪುಸ್ತಕ ಇಲ್ಲದಿದ್ದರೆ ಅದು ಹಂಚುವ ದಿನವೇ ಗೊತ್ತಾಗುತ್ತದೆ, ಯಾವುದೋ ಮಗುವಿಗೆ ಏನೂ ಸಿಗುವುದಿಲ್ಲ.

ಉಡುಗೊರೆ ತಂದುಕೊಡಲು ಆಗಮನ ಕಾಲದ ಮೂರನೆಯ ಭಾನುವಾರವನ್ನೇ ಕೊನೆಯ ದಿನವಾಗಿಟ್ಟದ್ದು ಸರಿಯಾದ ಲೆಕ್ಕ. 2023ರಂತೆ ಕ್ರಿಸ್ಮಸ್ ಸೋಮವಾರ ಬಂದರೆ ನಾಲ್ಕನೆಯ ಭಾನುವಾರವೇ ಡಿಸೆಂಬರ್ 24. ಕೊರತೆ ತುಂಬಲು ಸಮಯವೇ ಉಳಿಯದು. ಉಡುಗೊರೆಗೆ ಬಣ್ಣದ ಕಾಗದ ಸುತ್ತದೆ, ಕಾಗದವನ್ನು ಜೊತೆಗಿಟ್ಟು ತನ್ನಿ ಎಂದು ಕೇಳಿದ್ದರಿಂದ ಅಳತೆ ತಪ್ಪಿದ ಬಟ್ಟೆಗಳನ್ನು ಮೊದಲೇ ಬದಲಿಸಲಾಯಿತು.

ಆಹಾರದ ಚೀಲಗಳಲ್ಲಿ ಸಾಬೂನನ್ನು ಬೇರೆ ಕಟ್ಟಿದ್ದಿರಿ. ಹಿಟ್ಟು, ಚಹಾಪುಡಿ ಅದರ ವಾಸನೆಯನ್ನು ಬೇಗ ಹೀರಿಕೊಳ್ಳುತ್ತವೆ. ಅವಧಿ ಮುಗಿಯುವ ದಿನಾಂಕವನ್ನೂ ಒಂದೊಂದಾಗಿ ನೋಡಿದ್ದಿರಿ.

ಹಸಿರೆಲೆಗಳ ನಡುವೆ ನಾಲ್ಕು ಮೇಣದಬತ್ತಿಗಳಿಟ್ಟು, ವಾರಕ್ಕೊಂದರಂತೆ ಹೆಚ್ಚಿಸಿ ಹಚ್ಚುವ ಆಗಮನ ಮಾಲೆಯತ್ತಲೂ ನಿಮ್ಮ ಕಣ್ಣಿತ್ತು. ಮೊದಲ ನೇರಳೆ ಮೇಣದಬತ್ತಿ ಎಲ್ಲ ವಾರವೂ ಉರಿಯುವುದರಿಂದ ಬೇಗ ಗಿಡ್ಡವಾಗುತ್ತದೆ, ಅಷ್ಟರಲ್ಲಿ ಎಲೆಗಳೂ ಒಣಗಿ ಬೆಂಕಿಯ ಅಪಾಯ ಹೆಚ್ಚುತ್ತದೆ. ಬತ್ತಿಗಳ ಕೆಳಗೆ ಲೋಹದ ತಟ್ಟೆ ಇಟ್ಟು, ವಾರದ ನಡುವೆ ಹಸಿ ಎಲೆ ಹಾಕಿದ್ದು ನೀವೇ ಎಂದು ನಂಬಿದ್ದೇವೆ.

ಕುಟುಂಬಗಳ ವಿವರವಿದ್ದ ಪುಟಗಳನ್ನು ಹಂಚಿಕೆಯ ನಂತರ ನಾಶಪಡಿಸಿದ್ದೇವೆ. ಖಾಲಿ ಪುಟಗಳ ಪುಸ್ತಕ ಧರ್ಮಕೇಂದ್ರದ ಕಚೇರಿಯಲ್ಲಿದೆ.