ಘಟ್ಟದ ಕಾಡಿನ ಚರ್ಚೆಯಲ್ಲಿ ಅಚ್ಚುಕಟ್ಟಿನ ರೈತರೂ ಇರಬೇಕು

ಮಾನ್ಯ ಸಂಪಾದಕರೇ,

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ, ಅಂದರೆ ಗಣಿಗಾರಿಕೆ, ದೊಡ್ಡ ಕಟ್ಟಡಗಳಂಥವಕ್ಕೆ ನಿರ್ಬಂಧ ಬೀಳುವ ಪ್ರದೇಶದ ಪ್ರಶ್ನೆ ಎದ್ದಾಗಲೆಲ್ಲ ಮಲೆನಾಡು, ಕರಾವಳಿಯವರ ಅಭಿಪ್ರಾಯಗಳಷ್ಟೇ ಕೇಳಿಬರುತ್ತವೆ. ಆ ಬೆಟ್ಟಗಳ ನೀರನ್ನೇ ನಂಬಿ ಭತ್ತ ನಾಟಿ ಮಾಡುವ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರನ್ನು ಯಾರೂ ಕೇಳುವುದಿಲ್ಲ, ನಾವಾಗಿಯೂ ಬಾಯಿ ಬಿಡುವುದಿಲ್ಲ. 2024ರ ಜುಲೈನಲ್ಲಿ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಸೇರಿತ್ತು, ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ, ಈ ಪ್ರದೇಶಗಳನ್ನು ಗುರುತಿಸಿದ್ದ ಕಸ್ತೂರಿರಂಗನ್ ಸಮಿತಿಯ ವರದಿಯನ್ನೇ ತಿರಸ್ಕರಿಸಿದಾಗ ನಮ್ಮ ಕಡೆ ಆ ಬಗ್ಗೆ ಮಾತಾಡಿದವರನ್ನು ನಾನು ಕಾಣಲಿಲ್ಲ.

ತುಂಗೆ, ಭದ್ರೆ ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ಅಲ್ಲಿನ ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ನಿತ್ಯಹರಿದ್ವರ್ಣ ಕಾಡು) ಮತ್ತು ಹುಲ್ಲುಗಾವಲು ಮುಂಗಾರಿನ ಮಳೆಯನ್ನು ಹೀರಿಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳಗಳಿಗೆ ಸಣ್ಣಗೆ ನೀರು ಬಿಡುತ್ತಿರುತ್ತವೆ. ಕಾಡು ಕಡಿದು ಇಳಿಜಾರು ಅಗೆದಲ್ಲಿ ಅದೇ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಒಮ್ಮೆಗೇ ಹರಿದುಬಿಡುತ್ತದೆ. 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳಿನಿಂದಾಗಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಆ ಹೂಳೆಲ್ಲ ಘಟ್ಟದ್ದೇ ಅಲ್ಲ, ನಡುವಿನ ಬಯಲುಸೀಮೆಯ ಹೊಲಗಳ ಮಣ್ಣೂ ಅದರಲ್ಲಿದೆ ಎಂಬುದು ನಿಜ. ಆದರೆ ಹೊಳೆಯ ಬೇಸಿಗೆಯ ಹರಿವನ್ನು ಕಾಯುವುದು ಮೇಲಿನ ಕಾಡೇ. ನವಲಿ ಬಳಿ ಸಮತೋಲನ ಜಲಾಶಯವಾಗಲಿ ಎಂಬ ಬೇಡಿಕೆಗೆ ನನ್ನ ಒಪ್ಪಿಗೆಯಿದೆ. ಅದು ಮಳೆಗಾಲದಲ್ಲಿ ಹರಿದುಹೋಗುವ ಹೆಚ್ಚುವರಿ ನೀರನ್ನು ಹಿಡಿದೀತೇ ಹೊರತು ಆ ಕಾಡಿನ ಕೆಲಸವನ್ನು ಮಾಡಲಾರದು.

ನೀರು ಬೇಕಿರುವುದು ಗದ್ದೆಗಳಿಗೆ ಮಾತ್ರವಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರಾ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆನೆಗೊಂದಿ ಕಡೆ ಬಂಡೆಗಳ ನಡುವಿನ ಮಡುಗಳಲ್ಲಿ ಮೀನು ಹಿಡಿದು, ಒದ್ದೆ ಮೈಯಲ್ಲೇ ಬಂಡೆ ಏರಿ ಕೂತು ತಲೆಯ ಕಡೆಯಿಂದ ತಿನ್ನುವ ಅವುಗಳನ್ನು ನೋಡಿದವರಿಗೆ ಮಡು ಬತ್ತಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಮಲೆನಾಡಿನ ಸಣ್ಣ ಹಿಡುವಳಿದಾರರ ಆತಂಕ ಸುಳ್ಳಲ್ಲ. ಕಾಡು ಉಳಿಸುವ ಭಾರವನ್ನು ಅವರೊಬ್ಬರ ಹೆಗಲಿಗೇ ಹೊರಿಸಿ ನಾವು ಎರಡು ಬೆಳೆ ತೆಗೆಯುವುದು ನ್ಯಾಯವೂ ಅಲ್ಲ. ಆದ್ದರಿಂದ ಸರ್ಕಾರ ಮುಂದಿನ ಅಹವಾಲು ಸಭೆಗಳನ್ನು ಅಚ್ಚುಕಟ್ಟು ಪ್ರದೇಶದಲ್ಲೂ ನಡೆಸಲಿ. ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಜಲಾನಯನದ ಕಾಡಿನ ಸ್ಥಿತಿಯೂ ಚರ್ಚೆಗೆ ಬರಲಿ. ನಾವು ಕಟ್ಟುವ ನೀರಿನ ಕರದಲ್ಲಿ ಒಂದು ಪಾಲನ್ನು ನದಿಮೂಲದ ಹಳ್ಳಿಗಳಿಗೆ ಮೀಸಲಿಡಲಿ.

– ಒಬ್ಬ ರೈತ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ