ಕಿವಿ ಕೇಳದಾದಾಗ ಮೊದಲು ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಕೆಲವು ವಾರಗಳಿಂದ ಕಲಬುರಗಿಯಲ್ಲಿ ಬೆಳಗಿನ ಪತ್ರಿಕೆಯ ಮಡಿಕೆಯೊಳಗೆ ಹಳದಿ ಬಣ್ಣದ ಕರಪತ್ರವೊಂದು ಬರುತ್ತಿದೆ. ಶಸ್ತ್ರಚಿಕಿತ್ಸೆ ಬೇಡ, ಮಾತ್ರೆ ಬೇಡ, ಶ್ರವಣಸಾಧನವೂ ಬೇಡ, ಅಕ್ಯುಪಂಕ್ಚರ್ ಸೂಜಿಗಳಿಂದಲೇ ಕಿವುಡುತನ ವಾಸಿಯಾಗುತ್ತದೆ ಎಂದು ಅದರಲ್ಲಿ ಅಚ್ಚಾಗಿದೆ. ಅಂಥದೇ ಮಾತನ್ನು ನಂಬಿ ನಮ್ಮ ಮನೆಯವರು ಚಿಕಿತ್ಸೆಗೆ ಅತಿ ಮುಖ್ಯವಾದ ದಿನಗಳನ್ನು ಕಳೆದುಕೊಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಮ್ಮ ಇಲ್ಲಿನ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ತೊಗರಿ ಸುಗ್ಗಿಯ ಸಮಯದಲ್ಲಿ ಒಂದು ಬೆಳಿಗ್ಗೆ ಫೋನನ್ನು ಎಡಗಿವಿಗೆ ಹಿಡಿದವನಿಗೆ ಏನೂ ಕೇಳಿಸಲಿಲ್ಲ. ಒಳಗೆ ಗುಂಯ್ ಎಂಬ ಸದ್ದು ಮಾತ್ರ ಇತ್ತು. ನೆಗಡಿಗೆ ಕಿವಿ ಕಟ್ಟಿದೆ ಎಂದುಕೊಂಡು ಬೆಚ್ಚಗಿನ ಎಣ್ಣೆ ಬಿಟ್ಟು ನಾಲ್ಕು ದಿನ ಕಾದ. ಆಮೇಲೆ ಪರಿಚಯದವರ ಮಾತಿನಂತೆ ಸೂಜಿ ಚಿಕಿತ್ಸೆಯ ಕೇಂದ್ರಕ್ಕೆ ಹೋದ. ಅಲ್ಲಿ ಕಿವಿಯ ಮುಂದೆ ಮೂರು, ಹಿಂದೆ ಒಂದು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಸೂಜಿ ಚುಚ್ಚಿ ಅರ್ಧ ಗಂಟೆ ಮಲಗಿಸುತ್ತಿದ್ದರು. ಹತ್ತು ಸಲ ಮುಗಿದ ಮೇಲೆ ಇನ್ನೂ ಹತ್ತು ಸಲ ಬೇಕೆಂದರು. ಶ್ರವಣ ಪರೀಕ್ಷೆ ಮಾಡಿಸಿದ್ದೀರಾ ಎಂದು ಒಮ್ಮೆಯೂ ಕೇಳಲಿಲ್ಲ.

ಕೊನೆಗೆ ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಕರೆದೊಯ್ದೆವು. ಅವರು ಲೋಹದ ಕವೆಯೊಂದನ್ನು ತಟ್ಟಿ, ಅದು ಕಂಪಿಸುತ್ತಿರುವಾಗಲೇ ಬುಡವನ್ನು ತಮ್ಮನ ಹಣೆಯ ನಡುವೆ ಊರಿ, ಸದ್ದು ಯಾವ ಕಡೆ ಕೇಳುತ್ತದೆ ಎಂದು ಕೇಳಿದರು. ಅವನು ಬಲಗಿವಿಯನ್ನು ತೋರಿಸಿದ. ಗುಗ್ಗೆ ಕಟ್ಟಿದ್ದರೆ ಅಥವಾ ಕಿವಿಯ ತಮಟೆಯ ಹಿಂದೆ ನೀರು ತುಂಬಿದ್ದರೆ ಸದ್ದು ಕೆಟ್ಟ ಕಿವಿಯ ಕಡೆಗೇ ವಾಲುತ್ತಿತ್ತೆಂದೂ ಚೆನ್ನಾಗಿರುವ ಕಿವಿಯ ಕಡೆಗೆ ವಾಲಿದ್ದರಿಂದ ತೊಂದರೆ ಒಳಗಿವಿಯಲ್ಲಿ ಅಥವಾ ನರದಲ್ಲಿದೆಯೆಂದೂ ವಿವರಿಸಿ, ಎಷ್ಟು ದಿನವಾಯಿತು ಎಂದು ವಿಚಾರಿಸಿದರು. ಐವತ್ತು ದಿನ ದಾಟಿತ್ತು.

ಮೂರು ದಿನಗಳೊಳಗೆ ಹೀಗೆ ಒಮ್ಮೆಲೇ ಶ್ರವಣಶಕ್ತಿ ಕುಗ್ಗುವುದನ್ನು ವೈದ್ಯರು ತುರ್ತು ಸ್ಥಿತಿಯೆಂದೇ ಪರಿಗಣಿಸುತ್ತಾರೆ. ಸ್ಟೀರಾಯ್ಡ್ ಔಷಧವನ್ನು ಮೊದಲ ಎರಡು ವಾರಗಳೊಳಗೆ ಆರಂಭಿಸಿದರೆ ಫಲದ ಸಾಧ್ಯತೆ ಹೆಚ್ಚು. ದಿನ ಕಳೆದಂತೆ ಅದು ಕ್ಷೀಣಿಸುತ್ತದೆ. ಮೊದಲೇ ಹೋಗಿದ್ದರೆ ತಮ್ಮನಿಗೆ ಕೇಳಿಯೇ ಕೇಳುತ್ತಿತ್ತು ಎಂದು ಆ ವೈದ್ಯರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಈ ತೊಂದರೆ ಹಲವರಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಸ್ವಲ್ಪ ಮಟ್ಟಿಗೆ ಸುಧಾರಿಸುವುದುಂಟು. ಸುಧಾರಿಸುವ ಆ ವಾರಗಳಲ್ಲೇ ಸೂಜಿ ಚುಚ್ಚಿಸಿಕೊಂಡವರು ಗುಣವಾದದ್ದು ಸೂಜಿಯಿಂದಲೇ ಎಂದು ನಂಬಿ ಹತ್ತು ಜನರಿಗೆ ಹೇಳುತ್ತಾರೆ. ಗುಣವಾಗದವರು ಸುಮ್ಮನಾಗುತ್ತಾರೆ.

ಅಕ್ಯುಪಂಕ್ಚರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೆಲವು ಬಗೆಯ ನೋವಿಗೆ, ವಾಕರಿಕೆಗೆ ಅದರಿಂದ ಉಪಶಮನ ಸಿಗುತ್ತದೆಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಸ್ವತಂತ್ರ ಪದ್ಧತಿಯೆಂದು ಮಾನ್ಯವೂ ಮಾಡಿದೆ. ಆದರೆ ಒಂದು ಪದ್ಧತಿಗೆ ಮಾನ್ಯತೆ ಸಿಕ್ಕಿದ ಮಾತ್ರಕ್ಕೆ ಎಲ್ಲ ಕಾಯಿಲೆಗಳ ಮೇಲೂ ಅದರ ಗುಣ ಸಾಬೀತಾದಂತಾಗುವುದಿಲ್ಲ. ಹಠಾತ್ ಕಿವುಡುತನದ ಬಗ್ಗೆ ಚೀನಾದಲ್ಲಿ ನಡೆದಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು, ಮತ್ತು ಅವುಗಳಲ್ಲಿ ಬಹಳಷ್ಟು ಕಡೆ ಸೂಜಿಯನ್ನು ಔಷಧದ ಜೊತೆಗೇ ಬಳಸಲಾಗಿದೆ. ಔಷಧ ಬಿಟ್ಟು ಸೂಜಿಯನ್ನಷ್ಟೇ ನಂಬಬಹುದೆಂದು ಹೇಳಲು ಅವು ಸಾಲುವುದಿಲ್ಲ.

ತಮ್ಮನ ವಿಷಯಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತಿರುವುದು ಆ ಕೇಂದ್ರದಲ್ಲಿ ಸರದಿಗಾಗಿ ಕಾಯುತ್ತಿದ್ದ ಆಳಂದ ಕಡೆಯ ಒಬ್ಬ ತಾಯಿ. ಮೂರು ವರ್ಷದ ಮಗಳು ತೊಡೆಯ ಮೇಲಿದ್ದಳು. ಹೊರಗೆ ಟಂಟಂನ ಹಾರನ್ ಜೋರಾಗಿ ಕೂಗಿದಾಗ ಅಲ್ಲಿದ್ದವರೆಲ್ಲ ತಿರುಗಿ ನೋಡಿದರೂ ಆ ಮಗು ತಾಯಿಯ ಬಳೆಗಳನ್ನು ಎಣಿಸುವಂತೆ ಒಂದೊಂದಾಗಿ ಸರಿಸುತ್ತಲೇ ಇತ್ತು. ಸದ್ದನ್ನು ಗ್ರಹಿಸಿ ನರಕ್ಕೆ ದಾಟಿಸುವ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಮನುಷ್ಯರಲ್ಲಿ ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. 1970ರ ದಶಕದಲ್ಲಿ ಅಮೆರಿಕದ ಅನೇಕ ತಂದೆತಾಯಂದಿರು ಇದೇ ಆಸೆಯಿಂದ ಕಿವುಡ ಮಕ್ಕಳಿಗೆ ಸೂಜಿ ಚಿಕಿತ್ಸೆ ಕೊಡಿಸಿದ್ದರು. ಯಂತ್ರದಿಂದ ಅಳೆದು ನೋಡಿದಾಗ ಶ್ರವಣಶಕ್ತಿ ಹೆಚ್ಚಿರಲಿಲ್ಲ. ಮಗು ಮಾತು ಕಲಿಯುವ ಮೊದಲ ವರ್ಷಗಳೊಳಗೇ ಶ್ರವಣಸಾಧನವೋ, ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವೋ ಸಿಗಬೇಕು. ಇಂಪ್ಲಾಂಟಿಗೆ ಸರ್ಕಾರಿ ನೆರವಿನ ಯೋಜನೆಗಳಿವೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ. ಇದ್ಯಾವುದೂ ಆ ತಾಯಿಗೆ ಗೊತ್ತಿರಲಿಲ್ಲ. ಕರಪತ್ರ ಮಾತ್ರ ಅವರ ಕೈಯಲ್ಲಿತ್ತು.

ಆಕ್ಷೇಪಾರ್ಹ ಔಷಧ ಜಾಹೀರಾತುಗಳನ್ನು ತಡೆಯುವ 1954ರ ಕೇಂದ್ರ ಕಾಯ್ದೆಯಲ್ಲಿ, ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಿದ್ದು, ಅದರಲ್ಲಿ ಕಿವುಡುತನವೂ ಸೇರಿದೆ. ಸೂಜಿ ಔಷಧವಲ್ಲ ಎಂಬ ವಾದ ಬರಬಹುದು. ಆ ವಾದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿಗಳೇ ಉತ್ತರ ಕೊಡಲಿ, ಮತ್ತು ಇಂಥ ಕೇಂದ್ರಗಳು ನೋಂದಣಿಯಾಗಿವೆಯೇ ಎಂದು ಪರಿಶೀಲಿಸಲಿ. ಶ್ರವಣ ಪರೀಕ್ಷೆಯ ವರದಿ ನೋಡದೆ ಯಾರ ಕಿವಿಗೂ ಸೂಜಿ ಹಾಕಬಾರದೆಂದು ಆದೇಶಿಸಲಿ. ಪತ್ರಿಕೆಯೊಳಗೆ ಕರಪತ್ರ ಸೇರಿಸುವ ವಿತರಕರಿಗೆ ತಾವೂ ಒಂದು ಮಾತು ಹೇಳಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಕಲಬುರಗಿ