‘ಫೈನ್’ ಎಂದರೆ ಏನು, ತಂಗಿ?

ಪ್ರೀತಿಯ ತಂಗಿ,

ನಿನ್ನ ಅನುವಾದ ಓದಿದೆ. ಮೂಲದಲ್ಲಿ ‘ಫೈನ್’ ಎಂಬ ಇಂಗ್ಲಿಷ್ ಪದ ಬಂದಲ್ಲೆಲ್ಲ ‘ಚೆನ್ನಾಗಿ’ ಎಂದೇ ಬರೆದಿದ್ದೀಯ. ಹಿಂದೆ ನಾನೂ ಹಾಗೇ ಮಾಡಿದ್ದೆ. ಗಂಡ ಹೆಂಡಿರ ಜಗಳ ತಾರಕಕ್ಕೇರಿರುತ್ತದೆ, ಹೆಂಡತಿ ‘ಫೈನ್!’ ಎಂದು ಬಾಗಿಲು ಎಳೆದುಕೊಂಡು ಹೊರಟುಬಿಡುತ್ತಾಳೆ. ಅವಳ ಬಾಯಲ್ಲಿ ನಾನು ‘ಚೆನ್ನಾಗಿದೆ’ ಎನ್ನಿಸಿದ್ದೆ. ಅವಳು ಹೇಳಿದ್ದು ‘ಆಯ್ತು, ನಿಮ್ಮಿಷ್ಟ’ ಎಂದು. ಅದು ಹೊಳೆಯುವ ಹೊತ್ತಿಗೆ ಪುಸ್ತಕ ಅಚ್ಚಾಗಿತ್ತು. ಆ ಸಾಲು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈ ಪದದ ಬೇರು ಲ್ಯಾಟಿನ್ನಿನ ‘ಫಿನಿಸ್’, ಅಂದರೆ ಕೊನೆ. ಕೊನೆ ಮುಟ್ಟಿದ್ದು ಪೂರ್ಣ, ಪೂರ್ಣವಾದದ್ದು ಉತ್ತಮ. ಹೀಗೆ ಅರ್ಥ ಬೆಳೆದು, ಫ್ರೆಂಚಿನ ಮೂಲಕ ಪದ ಇಂಗ್ಲಿಷಿಗೆ ಬಂತು. ದಂಡ ಕಟ್ಟುವ ಫೈನೂ ಅದೇ ಬೇರಿನದು: ವ್ಯಾಜ್ಯ ಮುಗಿಸಲು ತೆರುತ್ತಿದ್ದ ಹಣ. ಇದೆಲ್ಲ ತಿಳಿದರೆ ಖುಷಿಯಾಗುತ್ತದೆ, ಆದರೆ ಬರೆಯಲು ಕೂತಾಗ ಅಷ್ಟಾಗಿ ಒದಗುವುದಿಲ್ಲ. ನನಗೆ ಒದಗಿದ್ದು ಒಂದು ಪ್ರಶ್ನೆ: ಈ ಸಾಲಿನಲ್ಲಿ ಪದ ಯಾವುದನ್ನು ಅಲ್ಲ ಎನ್ನುತ್ತಿದೆ?

ಹವೆಯ ಮಾತಾದರೆ ಮಳೆಯಿಲ್ಲ ಎನ್ನುತ್ತದೆ; ಅದಕ್ಕೆ ‘ಹೊಳವಾಗಿದೆ’ ಎಂಬ ಚಂದದ ಮಾತು ನಮ್ಮಲ್ಲೇ ಇದೆ. ಚಿನ್ನವಾದರೆ ಬೆರಕೆಯಿಲ್ಲ, ಅಪರಂಜಿ. ಪುಡಿಯಾದರೆ ತರಿಯಿಲ್ಲ, ನುಣ್ಣಗೆ. ಕ್ರಿಕೆಟ್ಟಿನ ‘ಫೈನ್ ಲೆಗ್’ ನೋಡು, ಅಲ್ಲಿ ಚೆಂದವೂ ಇಲ್ಲ, ನುಣುಪೂ ಇಲ್ಲ. ಬ್ಯಾಟುಗಾರನ ಹಿಂದೆ, ವಿಕೆಟ್ಟುಗಳ ನೇರಕ್ಕೆ ಹತ್ತಿರವಾಗಿ ನಿಲ್ಲುವ ಜಾಗ ಅದು. ಎದುರು ಪದ ‘ಸ್ಕ್ವೇರ್’, ಅಂದರೆ ಆ ನೇರಕ್ಕೆ ಅಡ್ಡವಾಗಿ, ಪಕ್ಕಕ್ಕೆ. ಇನ್ನು ವಾಯುಮಾಲಿನ್ಯದ ವರದಿಗಳಲ್ಲಿ ಇದೇ ಪದಕ್ಕೆ ಅಳತೆಯೇ ಗೊತ್ತಾಗಿದೆ: 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣ. ಶ್ವಾಸಕೋಶದ ಆಳಕ್ಕಿಳಿದು ಕಾಯಿಲೆ ತರುವಂಥದ್ದು. ಅಲ್ಲಿ ಯಾರಾದರೂ ‘ಒಳ್ಳೆಯ ಕಣ’ ಎಂದು ಬರೆದರೆ ಓದುವವರ ಗತಿಯೇನು!

ಇವೆಲ್ಲ ಸುಲಭದವು, ಪಕ್ಕದ ಪದವೇ ದಾರಿ ತೋರಿಸುತ್ತದೆ. ಕಷ್ಟವಿರುವುದು ಮನುಷ್ಯರು ಆಡುವ ಒಂಟಿ ‘ಫೈನ್’ನಲ್ಲಿ. ವೈದ್ಯರ ಮುಂದೆ ಅದು ‘ಈಗ ಹುಷಾರಾಗಿದ್ದೀನಿ’. ಇನ್ನೊಂದು ತುತ್ತು ಬಡಿಸಲು ಬಂದವರಿಗೆ ‘ಬೇಡ, ಸಾಕು’. ದಾರಿಯಲ್ಲಿ ಎದುರಾದ ಪರಿಚಯದವರಿಗೆ ಬರೀ ‘ಹೂಂ, ಆರಾಮ’, ಅದರಲ್ಲಿ ಸುದ್ದಿಯೇ ಇಲ್ಲ. ಯಾರು ಯಾರಿಗೆ ಹೇಳಿದರು, ಹೇಳುವಾಗ ಕಣ್ಣು ಎಲ್ಲಿತ್ತು, ಅದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದೆಲ್ಲ ಅರ್ಥದೊಳಗೇ ಇದೆ. ನಿಘಂಟು ಅಲ್ಲಿಯವರೆಗೆ ಬರಲಾರದು.

ನಿನ್ನ ಕತೆಯ ಕೊನೆಯಲ್ಲಿ, ಕೆಲಸ ಕಳೆದುಕೊಂಡ ಮಗಳಿಗೆ ತಾಯಿ ಫೋನಿನಲ್ಲಿ ‘ಹೇಗಿದ್ದೀಯೇ?’ ಎನ್ನುತ್ತಾಳೆ. ‘ನಾನು ಚೆನ್ನಾಗಿದ್ದೇನೆ’ ಎಂದು ನೀನು ಉತ್ತರ ಬರೆಸಿದ್ದೀಯ. ಆ ಮಗಳು ಮುಚ್ಚಿಡುತ್ತಿದ್ದಾಳೆ, ತಂಗಿ. ನನ್ನ ಕಿವಿಗೆ ‘ಇದ್ದೀನಮ್ಮ’ ಎಂದಷ್ಟೇ ಕೇಳಿಸಿತು. ನಿನಗೆ ಬೇರೇನಾದರೂ ಕೇಳಿಸಿದರೆ ಅದನ್ನೇ ಬರೆ. ಉಳಿದದ್ದು ಆಮೇಲೆ ನೋಡೋಣ, ಆ ಒಂದು ಪುಟ ಮೊದಲು ಕಳಿಸು.

ನಿನ್ನ
ಅಕ್ಕ